ಗೋಪ್ಯವಾದ ಮತ, ಬಯಲಾಗುವ ಬೀದಿ

(ಮತದಾರರ ಜಾಗೃತಿ ಸಭೆಯೊಂದರಲ್ಲಿ ಮಾಡಿದ ಭಾಷಣ)



ಪ್ರತಿ ಚುನಾವಣೆಯ ಬಳಿಕ ನಮ್ಮಲ್ಲಿ ಏಳುವ ಪ್ರಶ್ನೆಯೊಂದಿದೆ: ಮತಯಂತ್ರವನ್ನು ನಂಬಬಹುದೇ? ಕುರುಡು ನಂಬಿಕೆಯಾಗಲಿ, ಕುರುಡು ಸಂಶಯವಾಗಲಿ ಇದಕ್ಕೆ ಉತ್ತರವಾಗಲಾರದು.

1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಯಂತ್ರ ಮೊದಲ ಬಾರಿಗೆ ಬಳಕೆಯಾಯಿತು. ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಾನೂನು ತಿದ್ದುಪಡಿಯಾಯಿತು; 2004ರಲ್ಲಿ ಲೋಕಸಭೆಯ ಎಲ್ಲ 543 ಕ್ಷೇತ್ರಗಳಲ್ಲೂ ಯಂತ್ರಗಳೇ ಬಂದವು. ಮುದ್ರೆ ತಪ್ಪಿ ಮತ ಅಸಿಂಧುವಾಗುವುದು ನಿಂತಿತು. ಮತಗಟ್ಟೆಗೆ ನುಗ್ಗಿ ಪೆಟ್ಟಿಗೆ ತುಂಬಿಸುವ ಪುಂಡಾಟಕ್ಕೂ ಕಡಿವಾಣ ಬಿತ್ತು. ಏಕೆಂದರೆ ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮತಗಳನ್ನು ಯಂತ್ರ ಸ್ವೀಕರಿಸದು.

ಆದರೆ ಎಣಿಕೆ ಕಣ್ಣಿಗೆ ಕಾಣದಂತಾಯಿತು. ತಜ್ಞನಲ್ಲದ ಸಾಮಾನ್ಯ ಪ್ರಜೆಯೂ ಪರಿಶೀಲಿಸುವಂತಿರಬೇಕೆಂಬ ಕಾರಣಕ್ಕೇ ಜರ್ಮನಿಯ ಸಂವಿಧಾನ ನ್ಯಾಯಾಲಯವು 2009ರಲ್ಲಿ ಅಲ್ಲಿನ ಮತಯಂತ್ರಗಳ ಬಳಕೆಯನ್ನು ಅಸಾಂವಿಧಾನಿಕವೆಂದಿತು. ನಮ್ಮಲ್ಲಿ 2013ರ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ವಿವಿಪ್ಯಾಟ್ ವ್ಯಾಪಕವಾಯಿತು; ಚೀಟಿ ಏಳು ಸೆಕೆಂಡು ಕಾಣಿಸುತ್ತದೆ. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ತಾಳೆ ನೋಡಲಾಗುತ್ತಿದೆ. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರಲ್ಲಿ ಕೋರ್ಟ್ ತಿರಸ್ಕರಿಸಿತು.

ನಾವು ಹೆಚ್ಚಾಗಿ ಚರ್ಚಿಸದ ಅಪಾಯ ಬೇರೊಂದಿದೆ. ಮತಪತ್ರಗಳ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಯಂತ್ರಗಳಾದರೋ ಮತಗಟ್ಟೆವಾರು ಲೆಕ್ಕ ಕೊಡುತ್ತವೆ. ವ್ಯಕ್ತಿಯ ಮತ ಗೋಪ್ಯ. ಅವನ ಬೀದಿಯ ಮತ ಬಯಲು! ಒಂದೇ ಸಮುದಾಯ ಒತ್ತಾಗಿ ನೆಲೆಸಿರುವ ಮೊಹಲ್ಲಾವಾಗಲಿ, ದಲಿತರ ಕೇರಿಯಾಗಲಿ ಯಾರಿಗೆ ಮತ ನೀಡಿತೆಂದು ಗೆದ್ದವರೂ ಸೋತವರೂ ಅರಿಯಬಲ್ಲರು. ಆ ಬಳಿಕ ನಲ್ಲಿ ನೀರು, ಚರಂಡಿ, ರಸ್ತೆಗಳಿಗಾಗಿ ಯಾರ ಬಾಗಿಲು ತಟ್ಟುವುದು? ಹಲವು ಯಂತ್ರಗಳ ಮತಗಳನ್ನು ಒಟ್ಟಾಗಿ ಎಣಿಸುವ ಟೋಟಲೈಸರ್ ಸಾಧನವನ್ನು ಚುನಾವಣಾ ಆಯೋಗ 2008ರಲ್ಲೇ ಸೂಚಿಸಿತ್ತು. 2015ರಲ್ಲಿ ಕಾನೂನು ಆಯೋಗವೂ ಅದನ್ನು ಶಿಫಾರಸು ಮಾಡಿತು. ಕೇಂದ್ರ ಸರಕಾರ ಒಪ್ಪಲಿಲ್ಲ.

ಇಲ್ಲೊಂದು ತೊಡಕೂ ಇದೆ. ಮತದಾನ ಮುಗಿದಾಗ ಏಜೆಂಟರಿಗೆ ದೊರೆಯುವ ನಮೂನೆ 17ಸಿ, ಆ ಮತಗಟ್ಟೆಯಲ್ಲಿ ಬಿದ್ದ ಒಟ್ಟು ಮತಗಳ ಲೆಕ್ಕ. ಎಣಿಕೆಯ ದಿನ ವಂಚನೆಯನ್ನು ಹಿಡಿಯಲು ಅದೇ ಆಧಾರ. ಆದ್ದರಿಂದ ಒಟ್ಟು ಸಂಖ್ಯೆ ಮತಗಟ್ಟೆವಾರು ತಾಳೆಯಾಗಲಿ. ಯಾರಿಗೆಷ್ಟು ಎಂಬುದು ಮಾತ್ರ ಬೆರೆತು ಹೊರಬರಲಿ. ನಮ್ಮ ಬೇಡಿಕೆ ಇಷ್ಟು ನಿಖರವಾಗಿರಬೇಕು.

ಅದಕ್ಕೂ ಮುನ್ನ ನಮ್ಮ ಪಾಲಿನ ಕರ್ತವ್ಯವಿದೆ. ಮತದಾನಕ್ಕೆ ಮೊದಲು ನಡೆಯುವ ಅಣಕು ಮತದಾನಕ್ಕೆ ಏಜೆಂಟರು ಹಾಜರಿರಲಿ. 17ಸಿ ಪ್ರತಿ ಪಡೆಯದೆ ಅವರು ಮನೆಗೆ ಮರಳದಿರಲಿ. ಎಚ್ಚರವಿಲ್ಲದ ಮತದಾರನನ್ನು ಕಾಗದವೂ ಕಾಯದು, ಯಂತ್ರವೂ ಕಾಯದು.