ಬಸುರಿ, ಬಾಣಂತಿಯರ ಚರ್ಮದ ತೊಂದರೆಗಳು: ಘಟ್ಟದ ಮೇಲಿನ ಮೂರು ತಾಲೂಕುಗಳ ಮಟ್ಟಿಗೆ

ಗರ್ಭಿಣಿಯ ಚರ್ಮದಲ್ಲಿ ಕಾಣುವ ಬದಲಾವಣೆಗಳೆಲ್ಲ ರೋಗವಲ್ಲ. ಕೆನ್ನೆಯ ಬಂಗು, ಹೊಕ್ಕುಳಿನಿಂದ ಕೆಳಗಿಳಿಯುವ ಕಪ್ಪು ಗೆರೆ, ಹೊಟ್ಟೆ ಹಿಗ್ಗಿದಾಗ ಮೂಡುವ ಬಿರುಕುಗೆರೆ ಇವು ಬಸಿರಿನ ಸಹಜ ಗುರುತುಗಳು. ಹೆರಿಗೆಯಾದ ಮೇಲೆ ಇವು ಬಹುಮಟ್ಟಿಗೆ ಮಾಸುತ್ತವೆ, ಔಷಧ ಬೇಕಿಲ್ಲ. ಬಂಗಿಗೆಂದು ಹಚ್ಚುವ ಹೈಡ್ರೊಕ್ವಿನೋನ್ ಮುಲಾಮು ಚರ್ಮದ ಮೂಲಕ ಗಣನೀಯವಾಗಿ ರಕ್ತ ಸೇರುವುದರಿಂದ ಆ ತಿಂಗಳುಗಳಲ್ಲಿ ಅದು ಬೇಡ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಚಿಕಿತ್ಸೆ ಬೇಡುವ ತೊಂದರೆಗಳು ಮಳೆಗಾಲದಲ್ಲೂ ಸುಗ್ಗಿಯಲ್ಲೂ ಹೆಚ್ಚುತ್ತವೆ. ವಾರಗಟ್ಟಲೆ ಬಿಸಿಲು ಕಾಣದ ಬಟ್ಟೆ, ತೋಟ ಮತ್ತು ಕೊಟ್ಟಿಗೆಯ ಕೆಸರು, ತೊಡೆಸಂದಿಯ ಬೆವರು ಇವೆಲ್ಲ ಗಜಕರ್ಣಕ್ಕೆ ಅನುಕೂಲ. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಕೈಗಳು ಹಸಿ ಸಿಪ್ಪೆ, ಚೊಗರು, ನೀರುಗಳಿಂದ ಒಡೆದು ಇಸಬು ಏಳುತ್ತದೆ. ಒಂದೇ ಹೊದಿಕೆಯಲ್ಲಿ ಮಲಗುವ ಮನೆಯಲ್ಲಿ ತುರಿಕಜ್ಜಿ ಎಲ್ಲರಿಗೂ ಹಬ್ಬುತ್ತದೆ.

ಈ ಮೂರಕ್ಕೂ ಬಸುರಿಗೆ ಒಗ್ಗುವ ಮದ್ದುಗಳಿವೆ. ಗಜಕರ್ಣಕ್ಕೆ ಕ್ಲೊಟ್ರಿಮಜೋಲ್ ಅಥವಾ ಮೈಕೊನಜೋಲ್ ಮುಲಾಮು ಸಾಕು. ಗ್ರೈಸಿಯೋಫಲ್ವಿನ್, ಇಟ್ರಕೊನಜೋಲ್‌ನಂಥ ಗುಳಿಗೆಗಳು ಹೆರಿಗೆಯವರೆಗೆ ಕಾಯಬೇಕು. ತುರಿಕಜ್ಜಿಗೆ ಶೇಕಡಾ 5ರ ಪರ್ಮೆಥ್ರಿನ್ ಬಸುರಿ, ಬಾಣಂತಿ ಇಬ್ಬರಿಗೂ ಸಲ್ಲುತ್ತದೆ. ಆದರೆ ಮನೆಮಂದಿಯೆಲ್ಲ ಒಂದೇ ರಾತ್ರಿ ಹಚ್ಚಿಕೊಂಡು ಬಟ್ಟೆ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯದಿದ್ದರೆ ಅದು ಮರಳಿ ಬರುತ್ತದೆ. ಇಸಬಿಗೆ ಮೊದಲ ಮದ್ದು ತೇವ ಹಿಡಿದಿಡುವ ಎಣ್ಣೆ ಅಥವಾ ವ್ಯಾಸಲಿನ್. ಅದಕ್ಕೆ ಬಗ್ಗದಿದ್ದರೆ ಸೌಮ್ಯ ಅಥವಾ ಮಧ್ಯಮ ಬಲದ ಸ್ಟಿರಾಯ್ಡ್ ಮುಲಾಮು.

ಅಪಾಯ ಬರುವುದು ಅಂಗಡಿಯಲ್ಲಿ ಕೇಳಿ ತರುವ ಮಿಶ್ರ ಟ್ಯೂಬಿನಿಂದ. ಪ್ರಬಲ ಸ್ಟಿರಾಯ್ಡ್, ಶಿಲೀಂಧ್ರನಾಶಕ, ಪ್ರತಿಜೀವಕ ಮೂರೂ ಸೇರಿದ ಆ ಮುಲಾಮು ಎರಡು ದಿನದಲ್ಲಿ ತುರಿಕೆ ಅಡಗಿಸುತ್ತದೆ; ಒಳಗೆ ಗಜಕರ್ಣ ಹರಡುತ್ತಲೇ ಇರುತ್ತದೆ, ಚರ್ಮ ತೆಳುವಾಗುತ್ತದೆ. ಪ್ರಬಲ ಸ್ಟಿರಾಯ್ಡನ್ನು ಬಸಿರಿನುದ್ದಕ್ಕೂ ಹೇರಳವಾಗಿ ಬಳಸಿದವರಲ್ಲಿ ಶಿಶುವಿನ ತೂಕ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ. 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಅದು ಹಳ್ಳಿಯ ಅಂಗಡಿಯವರೆಗೂ ನಡೆಯಬೇಕು.

ಕೆಲವು ಮದ್ದುಗಳ ವಿಷಯದಲ್ಲಿ ರಾಜಿಯೇ ಇಲ್ಲ. ಮೊಡವೆಯ ಐಸೊಟ್ರೆಟಿನೊಯಿನ್ ಗುಳಿಗೆ ಶಿಶುವಿನ ಮುಖ, ಹೃದಯ, ಮಿದುಳನ್ನು ವಿರೂಪಗೊಳಿಸುತ್ತದೆ. ನಿಲ್ಲಿಸಿದ ಮೇಲೂ ಕನಿಷ್ಠ ಒಂದು ತಿಂಗಳು ಗರ್ಭ ನಿಲ್ಲಬಾರದು. ಸೋರಿಯಾಸಿಸ್‌ನ ಅಸಿಟ್ರೆಟಿನ್ ದೇಹದಲ್ಲಿ ಬಹುಕಾಲ ಉಳಿಯುವುದರಿಂದ ಆ ಅಂತರ ಮೂರು ವರ್ಷ. ಮೆಥೊಟ್ರೆಕ್ಸೇಟ್ ಗರ್ಭಕ್ಕೂ ಬೇಡ, ಹಾಲೂಡುವಾಗಲೂ ಬೇಡ. ಮದುವೆಯಾದ ತರುಣಿಗೆ ಇವನ್ನು ಬರೆಯುವ ಮೊದಲೇ ಬಸಿರಿನ ಯೋಚನೆ ಇದೆಯೇ ಎಂಬ ಪ್ರಶ್ನೆ ಕೇಳಬೇಕು. ಸಂಕೋಚದಿಂದ ಅದು ಎಷ್ಟೋ ಸಲ ಕೇಳದೇ ಉಳಿಯುತ್ತದೆ. ಕುಷ್ಠರೋಗದ ಬಹುಔಷಧ ಚಿಕಿತ್ಸೆಯದು ಇದಕ್ಕೆ ತದ್ವಿರುದ್ಧ: ಬಸಿರಿನಲ್ಲೂ ಅದನ್ನು ನಿಲ್ಲಿಸಬಾರದು.

ಎಲ್ಲಕ್ಕಿಂತ ಹೆಚ್ಚು ಗಮನ ಬೇಕಾದದ್ದು ಗುಳ್ಳೆಯೇ ಇಲ್ಲದ ತುರಿಕೆಗೆ. ಏಳನೆಯ ತಿಂಗಳ ನಂತರ ಅಂಗೈ, ಅಂಗಾಲು ತುರಿಸತೊಡಗಿ ರಾತ್ರಿ ನಿದ್ದೆಗೆಡಿಸಿದರೆ ಪಿತ್ತಜನಕಾಂಗದಲ್ಲಿ ಪಿತ್ತರಸದ ಹರಿವು ಕುಂಠಿತವಾಗಿರಬಹುದು. ಮೈಮೇಲೆ ಕೆರೆದ ಗೀರು ಬಿಟ್ಟು ಬೇರೇನೂ ಕಾಣದು. ಮನೆಯಲ್ಲಿ ಉಷ್ಣವೆಂದು ಎಳನೀರು ಕುಡಿಸಿ ಸುಮ್ಮನಾಗುವುದುಂಟು. ರಕ್ತದಲ್ಲಿ ಪಿತ್ತಾಮ್ಲ ಲೀಟರಿಗೆ 100 ಮೈಕ್ರೊಮೋಲ್ ಮುಟ್ಟಿದರೆ ಮಗು ಹೊಟ್ಟೆಯಲ್ಲೇ ಸಾಯುವ ಸಂಭವ ಏರುತ್ತದೆ. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುತ್ತದೆ. ಹಳ್ಳ ತುಂಬಿ ದಾರಿ ಕಟ್ಟುವ ಆಷಾಢದಲ್ಲಿ ಒಳಹಳ್ಳಿಯ ಬಸುರಿಗೆ ಒಂದು ವಾರದ ತಡವೂ ದೊಡ್ಡದು. ಆದ್ದರಿಂದ ಆಶಾ ಕಾರ್ಯಕರ್ತೆಯ ತಿಂಗಳ ಭೇಟಿಯಲ್ಲಿ "ಅಂಗಾಲು ತುರಿಸುತ್ತದೆಯೇ?" ಎಂಬ ಮಾತೂ ಇರಬೇಕು. ಹೊಟ್ಟೆಯ ಬಿರುಕುಗೆರೆಗಳಲ್ಲಿ ಏಳುವ ಕೆಂಪು ದದ್ದು ಇದಲ್ಲ. ಚೊಚ್ಚಲ ಬಸಿರಿನ ಕೊನೆಯಲ್ಲಿ ಹೆಚ್ಚಾಗಿ ಬರುವ ಅದು ಮಗುವಿಗೆ ತೊಂದರೆ ಮಾಡದು. ಹೊಕ್ಕುಳ ಸುತ್ತ ನೀರುಗುಳ್ಳೆ ಎದ್ದರೆ ಮಾತ್ರ ತಜ್ಞರೇ ನೋಡಬೇಕು.

ಬಾಣಂತನದಲ್ಲಿ ಔಷಧದ ಭಯಕ್ಕೆ ಹಾಲು ಬಿಡಿಸುವ ತಪ್ಪು ನಡೆಯುತ್ತದೆ. ಮೈಗೆ ಹಚ್ಚಿದ ಮುಲಾಮು ಹಾಲಿಗೆ ಸೇರುವುದು ಅತ್ಯಲ್ಪ. ಮೊಲೆತೊಟ್ಟಿಗೆ ಹಚ್ಚಿದ್ದನ್ನು ಮಾತ್ರ ಹಾಲೂಡುವ ಮೊದಲು ಒರೆಸಬೇಕು. ಹಾಲೂಡಿದ ಕೂಡಲೇ ಹಚ್ಚಿದರೆ ಒಳಗಿಳಿಯಲು ಸಮಯ ಸಿಗುತ್ತದೆ. ತುರಿಕೆಗೆ ಸೆಟಿರಿಜಿನ್ ಅಥವಾ ಲೊರಾಟಡಿನ್ ಆಗುತ್ತದೆ. ಮಂಪರು ತರುವ ಹಳೆಯ ಗುಳಿಗೆಗಳಿಂದ ಕೂಸೂ ತೂಕಡಿಸಬಹುದು. ತೊಟ್ಟು ಉರಿಯುತ್ತಿದ್ದು ಕೂಸಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳಿ ಪದರವಿದ್ದರೆ ಅದು ಶಿಲೀಂಧ್ರ. ತಾಯಿ, ಮಗು ಇಬ್ಬರಿಗೂ ಒಟ್ಟಿಗೇ ಮದ್ದು ಮಾಡಬೇಕು. ತವರಿನ ಎಣ್ಣೆಸ್ನಾನ ಒಣಚರ್ಮಕ್ಕೆ ಹಿತ. ತೀರ ಸುಡುನೀರು, ಬಚ್ಚಲ ಹೊಗೆ, ಒಡೆದ ಚರ್ಮದ ಮೇಲೆ ಹಸಿಮದ್ದಿನ ಲೇಪ ಇವು ಇಸಬನ್ನು ಕೆರಳಿಸುತ್ತವೆ. ಬಳಸಿದ ಮುಲಾಮಿನ ಹೆಸರು, ಪ್ರಮಾಣ, ತಿಂಗಳುಗಳನ್ನು ತಾಯಿ ಕಾರ್ಡಿನಲ್ಲಿ ಬರೆದಿಟ್ಟರೆ ತಾಲೂಕು ಆಸ್ಪತ್ರೆಯಿಂದ ಹುಬ್ಬಳ್ಳಿಗೋ ಕಾರವಾರಕ್ಕೋ ಕಳಿಸಿದಾಗ ಅಲ್ಲಿನ ವೈದ್ಯರಿಗೂ ಅದು ಸಿಗುತ್ತದೆ.