ಗಾಳಿ ನಿಂತಾಗಲೂ ನಿಲ್ಲದ ಓಟ



ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಚಾಚಿಕೊಂಡ ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ನೀವೆಲ್ಲ ಕಂಡವರೇ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಗಾಳಿ ಬೀಸಿದರೆ ಅವು ಚೆನ್ನಾಗಿಯೇ ತಿರುಗುತ್ತವೆ. ಬೇಸಿಗೆಯ ಮಧ್ಯಾಹ್ನ ಒಂದೆಲೆಯೂ ಅಲುಗದಿದ್ದಾಗ ‘ಗಾಳೀನ ಇಲ್ಲ’ ಅಂತೇವೆ. ಆದರೆ ಆ ಹೊತ್ತಿನಲ್ಲೂ ಗುಡ್ಡದ ಮೇಲಿನ ನೈಟ್ರೋಜನ್ ಅಣುಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತಿರುತ್ತವೆ! ರೆಕ್ಕೆ ಮಾತ್ರ ತಿರುಗದು. ಆ ಓಟಕ್ಕೆ ಒಂದು ದಿಕ್ಕಿಲ್ಲ. ರೆಕ್ಕೆಗೆ ಮುಂದಿನಿಂದ ಬೀಳುವಷ್ಟೇ ಪೆಟ್ಟು ಹಿಂದಿನಿಂದಲೂ ಬೀಳುತ್ತದೆ.

ಒಂದು ದಿಕ್ಕು ಹಿಡಿದ ಚಲನೆ ಬೀಸುಗಾಳಿ. ದಿಕ್ಕಿಲ್ಲದ ಚಲನೆಯ ಸರಾಸರಿ ಶಕ್ತಿಗೆ ಉಷ್ಣತೆಯೇ ಅಳತೆ. ಬಿಸಿ ಎಂಬ ಬೇರೆ ವಸ್ತುವೊಂದು ಅಣುಗಳನ್ನು ಓಡಿಸುತ್ತಿಲ್ಲ, ಆ ಓಟವೇ ಬಿಸಿ. ಚಳಿಗಾಲದ 15 ಡಿಗ್ರಿಯಿಂದ ಬೇಸಿಗೆಯ 40 ಡಿಗ್ರಿಗೆ ಏರಿದರೆ ನಾವು ಹೈರಾಣಾಗುತ್ತೇವೆ. ಅಣುವಿನ ವೇಗ ಹೆಚ್ಚುವುದು ನೂರಕ್ಕೆ ನಾಲ್ಕರಷ್ಟು ಮಾತ್ರ. ಏಕೆಂದರೆ ಅಣುವಿನ ಲೆಕ್ಕ ಶುರುವಾಗುವುದು ನೀರು ಹೆಪ್ಪುಗಟ್ಟುವ ಸೊನ್ನೆಯಿಂದಲ್ಲ, ಮೈನಸ್ 273.15 ಡಿಗ್ರಿಯಿಂದ.

ಹಾಗಾದರೆ ಈ ಓಟಕ್ಕೆ ದಣಿವೇಕಿಲ್ಲ? ಚಕ್ಕಡಿಯನ್ನೇ ನೋಡಿ. ಎತ್ತು ಎಳೆಯುವುದನ್ನು ಬಿಟ್ಟರೆ ಅದು ನಿಲ್ಲುತ್ತದೆ. ಅದರ ಚಲನೆ ಎಲ್ಲಿಗೆ ಹೋಯಿತು? ಅಚ್ಚು, ಗಾಲಿ ತಿಕ್ಕಾಡಿ ತುಸು ಬಿಸಿಯಾದವು, ಅಂದರೆ ಚಕ್ಕಡಿಯ ಓಟ ಪರಮಾಣುಗಳ ಪಾಲಾಯಿತು. ಆದರೆ ಪರಮಾಣುವಿನ ಓಟವನ್ನು ಹೀಗೆ ಹೀರಿಕೊಳ್ಳಲು ಅದಕ್ಕಿಂತ ಕೆಳಗೆ ಯಾರಿದ್ದಾರೆ? ಡಿಕ್ಕಿಯಲ್ಲಿ ಒಂದು ಕಳೆದುಕೊಂಡದ್ದನ್ನು ಇನ್ನೊಂದು ಪಡೆಯುತ್ತದೆ. ಸುತ್ತಲು ತಣ್ಣಗಿದ್ದರೆ ಶಕ್ತಿ ಅತ್ತ ಹರಿದೀತು, ಇಲ್ಲವಾಗದು. ಇಷ್ಟು ಸರಳವಾದ ಈ ಉತ್ತರ ನನಗೆ ಇಂದಿಗೂ ರೋಮಾಂಚನ ತರುತ್ತದೆ.

ಈ ಓಟಕ್ಕೆ ಸಾಕ್ಷಿಯೂ ಸಿಕ್ಕಿದೆ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ನೀರಿನಲ್ಲಿ ಪರಾಗದ ಸಣ್ಣ ಕಣಗಳು ಬಿಡುವಿಲ್ಲದೆ ನಡುಗುವುದನ್ನು ಕಂಡರು. ಕಾಣದ ಅಣುಗಳ ಪೆಟ್ಟಿನಿಂದ ಹಾಗಾಗುತ್ತದೆಂದು 1905ರಲ್ಲಿ ಐನ್‌ಸ್ಟೈನ್ ಲೆಕ್ಕ ಹಾಕಿ ತೋರಿಸಿದರು. ಭೌತವಿಜ್ಞಾನಿ ಜೀನ್ ಪೆರಿನ್ ಅದನ್ನು ಅಳೆದು ದೃಢಪಡಿಸಿದರು.

ಓಟವನ್ನು ತಗ್ಗಿಸಬಹುದು. ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೇ ಲೇಸರ್ ಬೆಳಕಿನಿಂದ ರುಬಿಡಿಯಂ ಪರಮಾಣುಗಳನ್ನು ತಡೆದು, ಮೈನಸ್ 273.15 ಡಿಗ್ರಿಯೆಂಬ ಕಟ್ಟಕಡೆಯ ತಂಪಿಗಿಂತ ಡಿಗ್ರಿಯ ಸಾವಿರದಲ್ಲೊಂದು ಪಾಲೂ ಮೇಲಿರದಷ್ಟು ತಣಿಸುತ್ತಾರೆ. ಪೂರ್ತಿ ನಿಲ್ಲಿಸಲು ಮಾತ್ರ ಆಗದು. ಒಂದೇ ಜಾಗದಲ್ಲಿ ಕೂಡಿಹಾಕಿದಷ್ಟೂ ಪರಮಾಣು ಚಡಪಡಿಸುತ್ತದೆ, ಇದು ಕ್ವಾಂಟಂ ನಿಯಮ. ಹಗುರಾದ ಹೀಲಿಯಂನಲ್ಲಿ ಈ ಚಡಪಡಿಕೆ ಎಷ್ಟಿದೆಯೆಂದರೆ, ಸಾಮಾನ್ಯ ಒತ್ತಡದಲ್ಲಿ ಎಷ್ಟೇ ತಣಿಸಿದರೂ ಅದು ದ್ರವವಾಗಿಯೇ ಉಳಿಯುತ್ತದೆ. ಗಟ್ಟಿಯಾಗಬೇಕಾದರೆ ವಾತಾವರಣದ ಸುಮಾರು 25 ಪಟ್ಟು ಒತ್ತಡ ಹೇರಬೇಕು.