ಸಂತೆಯೂರಿನ ಕನ್ನಡ



ಕಂಬೈನಲ್ಲೂರಿನ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿಯು ಹೊಸೂರು, ಕೃಷ್ಣಗಿರಿಗಳನ್ನು ಹಾದು, ತೆನ್‌ಪೆಣ್ಣೆಯೆಂಬ ಹೆಸರು ತಳೆದು ಇತ್ತ ಬರುತ್ತಾಳೆ. ನಮ್ಮೂರಿನ ಹೆಸರನ್ನೇ ಹೊತ್ತ ಹೊಳೆಯು ಅವಳನ್ನು ಕೂಡುತ್ತದೆ. ನೀರು ಇಳಿದು ಬಂದ ದಾರಿಯಲ್ಲಿ ಜನರೂ ಬಂದರು. ಮಗ್ಗದ ದೇವಾಂಗರು, ಕುರಿ ಸಾಕುವವರು, ಒಕ್ಕಲು ಮಕ್ಕಳು.

ಹಾಗೆಂದು ಇಲ್ಲಿಯ ಕನ್ನಡವು ನಿನ್ನೆ ಮೊನ್ನೆ ಬಂದ ನೆಂಟನಲ್ಲ. ಇಂದಿನ ಧರ್ಮಪುರಿಯೇ ಹಿಂದಿನ ತಗಡೂರು. ಅದಿಯಮಾನನನ್ನು ಔವೈಯಾರ್ ಹಾಡಿದ ನೆಲವದು. ಆ ಹಿರಿಮೆಗೆ ನಾವೂ ತಲೆಬಾಗುತ್ತೇವೆ. ಅದೇ ನೆಲದಲ್ಲಿ ನೊಳಂಬ ಮಹೇಂದ್ರನ ಕಾಲಕ್ಕೆ, ಕ್ರಿ.ಶ. 893ರಲ್ಲಿ, ಕಂಬವೊಂದರ ಮೇಲೆ ಕನ್ನಡ ಶಾಸನವನ್ನು ಕೆತ್ತಿಸಲಾಯಿತು. ನಿಧಿಯಣ್ಣ, ಚಂಡಿಯಣ್ಣರೆಂಬ ಸೋದರರು ಬಸದಿಯನ್ನು ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ. ಅರಸನ ಬಿರುದುಗಳಿಗಿಂತ ನನ್ನ ಮನಸ್ಸನ್ನು ಸೆಳೆಯುವುದು ಬೇರೊಂದು: ಆ ಸೋದರರು ವರ್ತಕರ ಮಕ್ಕಳು. ವ್ಯಾಪಾರದ ಕುಲದವರ ನುಡಿಯು ಕಲ್ಲನ್ನೇರಿತು!

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಟಿಪ್ಪುವಿನ ಕೈಬಿಟ್ಟು ಕಂಪನಿಗೆ ಸೇರಿತು. 1965ರಲ್ಲಿ ಸೇಲಂ ಜಿಲ್ಲೆಯಿಂದ ಧರ್ಮಪುರಿ ಬೇರೆಯಾಯಿತು. ಇವೆಲ್ಲ ಕಚೇರಿಯ ಲೆಕ್ಕ.

ಸಂತೆಯ ಲೆಕ್ಕವೇ ಬೇರೆ. ರಾಗಿ, ಹುಣಿಸೆ, ಆಡು ಕುರಿಗಳ ನಡುವೆ ನಿಂತು ಕೇಳಿರಿ. ಬೆಲೆ ಕೇಳುವುದು ತಮಿಳಿನಲ್ಲಿ; ತೂಕ ಸಾಲದೆಂದು ಮನೆಯಾಕೆಯ ಕಿವಿಯಲ್ಲಿ ಹೇಳುವುದು ಕನ್ನಡದಲ್ಲಿ. ಅಲ್ಲಿ ಕೊಂಡ ರಾಗಿಯು ಒಂದು ಮನೆಯಲ್ಲಿ ಕಳಿ, ಇನ್ನೊಂದರಲ್ಲಿ ಮುದ್ದೆ. ಈಚೆಗೆ ಹಣವೂ ಮೊಬೈಲಿನಲ್ಲೇ ಸಲ್ಲುತ್ತದೆ; ಚೌಕಾಸಿ ಮಾತ್ರ ಇನ್ನೂ ಬಾಯಿಂದಲೇ ನಡೆಯಬೇಕು.

2006ರ ಕಾಯಿದೆಯು ಈ ರಾಜ್ಯದ ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಿತು. ತಮಿಳು ನಮಗೆ ಹೊರೆಯಲ್ಲ; ಸಂತೆಯೇ ಅದನ್ನು ಕಲಿಸಿದೆ. ಆದರೆ ಮನೆಯಲ್ಲಿ ಕನ್ನಡವಾಡುವ ಮಗು ಕನ್ನಡದ ಅಕ್ಷರವನ್ನೇ ಗುರುತಿಸದೆ ಬೆಳೆಯುವುದಾದರೆ ಆ ನಷ್ಟವನ್ನು ಯಾವ ತಕ್ಕಡಿ ತೂಗೀತು?

ದೂರದ ವೇಲ್ಸ್ ನಾಡಿನಲ್ಲಿ ಕರ್ನಾರ್ವನ್ ಎಂಬ ಸಂತೆಯೂರೊಂದುಂಟು. ಇಂಗ್ಲೆಂಡಿನ ಒಂದನೆಯ ಎಡ್ವರ್ಡ್ ದೊರೆಯು 1283ರಲ್ಲಿ ಅಲ್ಲಿ ಕೋಟೆ ಕಟ್ಟಿಸತೊಡಗಿ ಇಂಗ್ಲಿಷರನ್ನು ನೆಲೆಗೊಳಿಸಿದನು. ಇಂದು ಆ ಊರಿನಲ್ಲಿ ಹೆಚ್ಚು ಜನರು ಆಡುವುದು ವೆಲ್ಷ್ ನುಡಿಯನ್ನೇ. ಅದು ಅಂಗಡಿಯಲ್ಲಿಯೂ ಉಂಟು, ಶಾಲೆಯಲ್ಲಿಯೂ ಉಂಟು. ನಮ್ಮಲ್ಲಿ ಮೊದಲನೆಯದು ಅರ್ಧವುಳಿದಿದೆ.

ಆದುದರಿಂದ ಒಂದು ಬಿನ್ನಹ. ಪಾವು, ಸೇರು, ಬಳ್ಳ, ಕೊಳಗಗಳು ಮೆಟ್ರಿಕ್ ಅಳತೆ ಬಂದ ಮೇಲೆ ಸಂತೆಯಿಂದ ಸರಿದವು. ಅಜ್ಜಿಯರ ಮಾತಿನಲ್ಲಿ ಇನ್ನೂ ಇವೆ. ಮಕ್ಕಳು ಮುಂದಿನ ಸಂತೆಯ ದಿನ ಅಜ್ಜಿಯೊಡನೆ ಹೋಗಿ, ಆಕೆಯಾಡುವ ಇಂತಹ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ತರಲಿ. ಕಾಗುಣಿತ ತಪ್ಪಿದರೆ ಅಂಜಬೇಕಾಗಿಲ್ಲ, ತಿದ್ದಲು ನಾನಿದ್ದೇನೆ.